ಪೈಥಾನ್ ಅಪ್ಲಿಕೇಶನ್ನಿಗೆ ರಸ್ಟ್ ಲೈಬ್ರರಿಯನ್ನು ಜೋಡಿಸುವ ಕ್ರಮ

ಕನ್ನಡ ಪದ್ಯಗಳ ಛಂದಸ್ಸನ್ನು ಪರಿಶೀಲಿಸುವ ಒಂದು ಅಪ್ಲಿಕೇಶನ್ ಇದೆ ಎಂದುಕೊಳ್ಳೋಣ. ಅದರ ಪರದೆ, ಫೈಲುಗಳ ಓದು, ಡೇಟಾಬೇಸಿನ ವ್ಯವಹಾರ ಎಲ್ಲವೂ ಪೈಥಾನಿನಲ್ಲಿವೆ. ಸಾಲುಗಳಿಗೆ ಪ್ರಸ್ತಾರ ಹಾಕಿ ಲಘು-ಗುರುಗಳನ್ನು ಗುರುತಿಸುವ, ಮಾತ್ರೆಗಳನ್ನು ಎಣಿಸುವ ಭಾಗವನ್ನು ಮಾತ್ರ ರಸ್ಟ್ ಭಾಷೆಯಲ್ಲಿ ಬರೆಯಲಾಗಿದೆ. ಇಡೀ ಗ್ರಂಥಗಳನ್ನು ಒಮ್ಮೆಗೇ ಶೋಧಿಸುವಾಗ ಒಂದೊಂದು ಅಕ್ಷರಕ್ಕೂ ಪೈಥಾನಿನ ಲೂಪ್ ತಿರುಗಿಸುವುದು ದುಬಾರಿ ಎಂಬುದೇ ಇದಕ್ಕೆ ಕಾರಣ. ಈ ಎರಡು ಭಾಗಗಳನ್ನು ಒಂದೇ ಪ್ರೊಸೆಸ್ಸಿನೊಳಗೆ ಜೋಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆ ರಸ್ಟ್ ಮತ್ತು ಪೈಥಾನಿನದ್ದಾದರೂ, ಸಿ++, ಗೋ, ಜಾವಾ, ಫೋರ್ಟ್ರಾನ್ ಮುಂತಾದ ಯಾವ ಜೋಡಿಯನ್ನು ತೆಗೆದುಕೊಂಡರೂ ಎದುರಾಗುವ ಪ್ರಶ್ನೆಗಳು ಬಹುಪಾಲು ಇವೇ ಆಗಿರುತ್ತವೆ.

ಜೋಡಣೆಗೆ ಬೇಕಾದ ಆಜ್ಞೆಗಳು ಬೆರಳೆಣಿಕೆಯಷ್ಟು. ಅವುಗಳನ್ನು ಟೈಪ್ ಮಾಡಿ, ಒಂದು ಸಂಖ್ಯೆಯನ್ನು ಆಚೆ ಕಳುಹಿಸಿ ಇನ್ನೊಂದನ್ನು ಮರಳಿ ಪಡೆಯುವಷ್ಟರ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಎರಡು ಭಾಷೆಗಳ ನಡುವಿನ ಗಡಿಯನ್ನು ಏನು ದಾಟುತ್ತದೆ, ಯಾವ ರೂಪದಲ್ಲಿ ದಾಟುತ್ತದೆ, ದಾಟಿದ ಮೇಲೆ ಅದರ ಒಡೆತನ ಯಾರದು ಎಂಬುದನ್ನು ನಿರ್ಧರಿಸುವುದಕ್ಕೇ ಹೆಚ್ಚಿನ ಸಮಯ ಬೇಕಾಗುತ್ತದೆ. ಆದ್ದರಿಂದ ಈ ಬರಹದಲ್ಲಿಯೂ ಆ ಭಾಗವೇ ಹೆಚ್ಚು ಜಾಗ ಪಡೆದಿದೆ.

ಹೆಸರುಗಳ ಬಗ್ಗೆ ಒಂದು ಮಾತು. ಫಂಕ್ಷನ್ನುಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕೋಡಿನಲ್ಲಿ ಅವು ರೋಮನ್ ಅಕ್ಷರಗಳಲ್ಲಿಯೇ ಇರಬೇಕು. ಇಂದಿನ ಪೈಥಾನ್ ಮತ್ತು ರಸ್ಟ್ ಎರಡೂ ಕನ್ನಡ ಅಕ್ಷರಗಳ ಹೆಸರುಗಳನ್ನು ಒಪ್ಪುತ್ತವೆಯಾದರೂ, ಹೊರಗಿನವರಿಗೆ ಕಾಣಬೇಕಾದ ಫಂಕ್ಷನ್ನಿನ ಹೆಸರು ಆಸ್ಕಿ ಅಕ್ಷರಗಳಲ್ಲೇ ಇರಬೇಕೆಂದು ರಸ್ಟ್ ಕಂಪೈಲರ್ ಪಟ್ಟು ಹಿಡಿಯುತ್ತದೆ.

ಜೋಡಿಸಲೇಬೇಕೇ?

ಒಂದೇ ಪ್ರೊಸೆಸ್ಸಿನೊಳಗೆ ಜೋಡಿಸಿದ ಲೈಬ್ರರಿ ಕುಸಿದರೆ ಇಡೀ ಅಪ್ಲಿಕೇಶನ್ ಅದರೊಂದಿಗೆ ಕುಸಿಯುತ್ತದೆ. ಪೈಥಾನಿನ ಟ್ರೈ-ಎಕ್ಸೆಪ್ಟ್ ಯಾವುದೂ ಅದನ್ನು ಹಿಡಿಯಲಾರದು. ಆದ್ದರಿಂದ ಲೈಬ್ರರಿಯನ್ನು ಪ್ರತ್ಯೇಕ ಪ್ರೋಗ್ರಾಮಾಗಿ ಓಡಿಸಿ, ಸ್ಟ್ಯಾಂಡರ್ಡ್ ಇನ್‌ಪುಟ್ ಮತ್ತು ಔಟ್‌ಪುಟ್ ಮೂಲಕ ಪಠ್ಯವನ್ನು ಕೊಟ್ಟು ಪಡೆಯಲು ಸಾಧ್ಯವೇ ಎಂದು ಮೊದಲು ನೋಡಬೇಕು. ದಿನಕ್ಕೆ ಹತ್ತು ಬಾರಿ, ಪ್ರತಿ ಬಾರಿ ಒಂದು ಫೈಲನ್ನು ಪರಿಶೀಲಿಸುವುದಷ್ಟೇ ಅಗತ್ಯವಾದರೆ ಅದೇ ಉತ್ತಮ ಮಾರ್ಗ, ಮತ್ತು ಅಂಥವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಬಹುದು. ಬಳಕೆದಾರರು ಒಂದೊಂದು ಅಕ್ಷರ ಟೈಪ್ ಮಾಡುತ್ತಿರುವಂತೆಯೇ ಮಾತ್ರೆಗಳ ಲೆಕ್ಕ ಪರದೆಯ ಮೇಲೆ ಬದಲಾಗಬೇಕು ಎಂದಾದರೆ, ಅಥವಾ ಎರಡೂ ಕಡೆಯವರು ಒಂದೇ ದೊಡ್ಡ ದತ್ತಾಂಶವನ್ನು ಪ್ರತಿ ಮಾಡದೆ ನೋಡಬೇಕು ಎಂದಾದರೆ ಜೋಡಣೆ ಅನಿವಾರ್ಯವಾಗುತ್ತದೆ.

ನಡುವಿನ ಭಾಷೆ ಸಿ ಏಕೆ?

ರಸ್ಟಿಗೆ ಪೈಥಾನಿನ ಆಬ್ಜೆಕ್ಟುಗಳ ಪರಿಚಯವಿಲ್ಲ, ಪೈಥಾನಿಗೆ ರಸ್ಟಿನ ಸ್ಟ್ರಿಂಗ್ ಎಂದರೇನೆಂದು ಗೊತ್ತಿಲ್ಲ. ಇಬ್ಬರಿಗೂ ಗೊತ್ತಿರುವುದು ಸಿ ಭಾಷೆಯ ಕರೆಯ ಪದ್ಧತಿ. ಒಂದು ಫಂಕ್ಷನ್ನನ್ನು ಕರೆಯುವಾಗ ಆರ್ಗ್ಯುಮೆಂಟುಗಳನ್ನು ಪ್ರೊಸೆಸರಿನ ಯಾವ ರಿಜಿಸ್ಟರುಗಳಲ್ಲಿ ಇಡಬೇಕು, ಫಲಿತಾಂಶ ಎಲ್ಲಿ ಸಿಗುತ್ತದೆ, ಹಲವು ಮೌಲ್ಯಗಳನ್ನು ಒಟ್ಟುಗೂಡಿಸಿದ ಸ್ಟ್ರಕ್ಟಿನ ಫೀಲ್ಡುಗಳು ಮೆಮೊರಿಯಲ್ಲಿ ಯಾವ ಅಂತರದಲ್ಲಿ ಕೂರುತ್ತವೆ ಎಂಬ ನಿಯಮಗಳ ಈ ಕಟ್ಟಿಗೆ ಎಬಿಐ ಎನ್ನುತ್ತಾರೆ. 64 ಬಿಟ್ಟಿನ ಇಂಟೆಲ್ ಮತ್ತು ಎಎಮ್‌ಡಿ ಯಂತ್ರಗಳಲ್ಲಿ ಲಿನಕ್ಸ್ ಅನುಸರಿಸುವ ಪದ್ಧತಿಯಲ್ಲಿ ಮೊದಲ 6 ಪೂರ್ಣಾಂಕ ಅಥವಾ ಪಾಯಿಂಟರ್ (ಮೆಮೊರಿಯ ವಿಳಾಸ) ಆರ್ಗ್ಯುಮೆಂಟುಗಳು ರಿಜಿಸ್ಟರುಗಳಲ್ಲಿ ಹೋಗುತ್ತವೆ. ಅದೇ ಯಂತ್ರದಲ್ಲಿ ವಿಂಡೋಸ್ ಇದ್ದರೆ 4 ಮಾತ್ರ. ಈ ವಿವರವನ್ನು ನಾವು ಕಂಠಪಾಠ ಮಾಡಬೇಕಿಲ್ಲ, ಏಕೆಂದರೆ ಕಂಪೈಲರ್ ಅದನ್ನು ನೋಡಿಕೊಳ್ಳುತ್ತದೆ. ಆದರೆ ಕರೆಯುವವರು ಒಂದು ಲೆಕ್ಕದಲ್ಲಿ ಇಟ್ಟದ್ದನ್ನು ಕರೆಸಿಕೊಂಡವರು ಇನ್ನೊಂದು ಲೆಕ್ಕದಲ್ಲಿ ತೆಗೆದರೆ ಯಾರೂ ದೂರು ಹೇಳುವುದಿಲ್ಲ, ಉತ್ತರ ಮಾತ್ರ ತಪ್ಪಾಗುತ್ತದೆ ಎಂಬುದು ನೆನಪಿರಬೇಕು. ಕಂಪೈಲ್ ಆದ ತುಂಡುಗಳನ್ನು ಒಂದಾಗಿ ಜೋಡಿಸುವ ಲಿಂಕರ್ ನೋಡುವುದು ಹೆಸರನ್ನು ಮಾತ್ರ; ಆರ್ಗ್ಯುಮೆಂಟುಗಳ ವಿಧವನ್ನು ಅದು ನೋಡುವುದಿಲ್ಲ.

ಹೆಸರಿನದ್ದೂ ಒಂದು ತೊಡಕಿದೆ. ಒಂದೇ ಹೆಸರಿನ ಹಲವು ಫಂಕ್ಷನ್ನುಗಳಿಗೆ ಅವಕಾಶವಿರುವ ಸಿ++ ಭಾಷೆಯ ಕಂಪೈಲರ್, ಆರ್ಗ್ಯುಮೆಂಟುಗಳ ವಿಧವನ್ನೂ ಹೆಸರಿಗೆ ಅಂಟಿಸಿ ಒಂದು ವಿಚಿತ್ರ ಪದವನ್ನು ಕಟ್ಟುತ್ತದೆ; ರಸ್ಟ್ ಕೂಡ ತನ್ನದೇ ಕ್ರಮದಲ್ಲಿ ಹೆಸರನ್ನು ತಿರುಚುತ್ತದೆ. ಹೀಗೆ ತಿರುಚದಂತೆ ತಡೆಯಲು ಸಿ++ ನಲ್ಲಿ ಫಂಕ್ಷನ್ನಿನ ಮುಂದೆ ಎಕ್ಸ್‌ಟರ್ನ್ ಸಿ ಎಂಬ ಘೋಷಣೆ ಸಾಕು. ರಸ್ಟಿನಲ್ಲಿ ಎಕ್ಸ್‌ಟರ್ನ್ ಸಿ ಜೊತೆಗೆ ನೋ-ಮ್ಯಾಂಗಲ್ ಎಂಬ ಗುರುತೂ ಬೇಕು, ಮತ್ತು 2024ರ ಎಡಿಶನ್ನಿನಿಂದ ಆ ಗುರುತನ್ನು ಅನ್‌ಸೇಫ್ ಎಂಬ ಪದದೊಳಗೆ ಸುತ್ತಿ ಬರೆಯಬೇಕು. ಒಂದೇ ಹೆಸರಿನ ಎರಡು ಫಂಕ್ಷನ್ನುಗಳು ಒಂದೇ ಪ್ರೋಗ್ರಾಮಿನಲ್ಲಿ ಸೇರಿದರೆ ಗೊಂದಲವಾಗುತ್ತದೆ. ಆದ್ದರಿಂದ ನಮ್ಮ ಫಂಕ್ಷನ್ನುಗಳಿಗೆಲ್ಲ ಛಂದೋ ಎಂಬ ಒಂದೇ ಮುನ್ನೊಟ್ಟನ್ನು ಇಟ್ಟುಕೊಳ್ಳೋಣ.

ಗಡಿಯನ್ನು ಕಾಗದದ ಮೇಲೆ ಬರೆಯುವುದು

ಕೋಡ್ ಬರೆಯುವ ಮೊದಲು ಗಡಿಯಲ್ಲಿ ಕಾಣುವ ಫಂಕ್ಷನ್ನುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಹಾಳೆ ಸಾಲದಾದರೆ ಗಡಿ ಅಗಲವಾಯಿತೆಂದೇ ಅರ್ಥ. ನಮ್ಮ ಉದಾಹರಣೆಗೆ ಮೂರು ಸಾಕು. ಛಂದೋ_ಮಾತ್ರೆ ಎಂಬುದು ಪಠ್ಯದ ಪಾಯಿಂಟರನ್ನೂ ಬೈಟುಗಳ ಸಂಖ್ಯೆಯನ್ನೂ ತೆಗೆದುಕೊಂಡು ಒಟ್ಟು ಮಾತ್ರೆಗಳನ್ನು 64 ಬಿಟ್ಟಿನ ಪೂರ್ಣಾಂಕವಾಗಿ ಮರಳಿಸುತ್ತದೆ. ಛಂದೋ_ಪ್ರಸ್ತಾರ ಎಂಬುದು ಅದೇ ಎರಡನ್ನು ತೆಗೆದುಕೊಂಡು, ಲಘು-ಗುರುಗಳ ಚಿಹ್ನೆಗಳನ್ನು ಸಾಲಾಗಿ ಹೊಂದಿದ ಹೊಸ ಸ್ಟ್ರಿಂಗಿನ ಪಾಯಿಂಟರನ್ನು ಮರಳಿಸುತ್ತದೆ. ಛಂದೋ_ಬಿಡು ಎಂಬುದು ಆ ಪಾಯಿಂಟರನ್ನು ಹಿಂದಕ್ಕೆ ಪಡೆದು ಮೆಮೊರಿಯನ್ನು ತೆರವು ಮಾಡುತ್ತದೆ.

ಸಂಖ್ಯೆಗಳ ವಿಧವನ್ನು ಅಳತೆ ಸಹಿತ ಹೇಳಬೇಕು. ಸಿ ಭಾಷೆಯ ಲಾಂಗ್ ಎಂಬ ವಿಧ 64 ಬಿಟ್ಟಿನ ಲಿನಕ್ಸಿನಲ್ಲಿ 8 ಬೈಟ್, 64 ಬಿಟ್ಟಿನ ವಿಂಡೋಸಿನಲ್ಲಿ 4 ಬೈಟ್. ಒಬ್ಬರ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಓಡಿದ್ದು ಇನ್ನೊಬ್ಬರಲ್ಲಿ ಕೈಕೊಡುವುದಕ್ಕೆ ಇದು ಹಳೆಯ, ಇಂದಿಗೂ ಜೀವಂತವಾಗಿರುವ ಕಾರಣ. 32 ಬಿಟ್ಟಿನ ಪೂರ್ಣಾಂಕ, 64 ಬಿಟ್ಟಿನ ಪೂರ್ಣಾಂಕ ಎಂದು ಹೆಸರಿನಲ್ಲೇ ಅಳತೆಯಿರುವ ವಿಧಗಳು 1999ರ ಸಿ ಮಾನಕದಿಂದಲೇ ಇವೆ. ಗಡಿಯಲ್ಲಿ ಅವನ್ನೇ ಬಳಸಬೇಕು. ಸ್ಟ್ರಕ್ಟುಗಳನ್ನು ದಾಟಿಸುವುದಾದರೆ ರಸ್ಟಿನ ಕಡೆ ರೆಪ್ರ್ ಸಿ ಎಂಬ ಗುರುತು ಕಡ್ಡಾಯ, ಏಕೆಂದರೆ ಅದಿಲ್ಲದಿದ್ದರೆ ಫೀಲ್ಡುಗಳ ಕ್ರಮವನ್ನು ಬದಲಿಸುವ ಸ್ವಾತಂತ್ರ್ಯ ರಸ್ಟ್ ಕಂಪೈಲರಿಗೆ ಇದೆ. 1 ಬೈಟಿನ ಒಂದು ಫೀಲ್ಡು, ಅದರ ಹಿಂದೆ 8 ಬೈಟಿನ ಒಂದು ಪೂರ್ಣಾಂಕ ಇರುವ ಸ್ಟ್ರಕ್ಟು ಸಾಮಾನ್ಯ 64 ಬಿಟ್ ಯಂತ್ರಗಳಲ್ಲಿ 9 ಬೈಟ್ ಆಗುವುದಿಲ್ಲ, 16 ಆಗುತ್ತದೆ; ನಡುವಿನ 7 ಬೈಟುಗಳು ಖಾಲಿ ಬಿಟ್ಟ ಜಾಗ. ನಮ್ಮ ಮೂರು ಫಂಕ್ಷನ್ನುಗಳಲ್ಲಿ ಸ್ಟ್ರಕ್ಟೇ ಇಲ್ಲ, ಮತ್ತು ಅದನ್ನು ಬೇಕೆಂದೇ ಬಿಟ್ಟಿದ್ದೇನೆ.

ಪಠ್ಯ ದಾಟುವಾಗ

ಕನ್ನಡದ ಪ್ರೋಗ್ರಾಮರುಗಳು ಈ ಭಾಗವನ್ನು ಉಳಿದವರಿಗಿಂತ ಹೆಚ್ಚು ಎಚ್ಚರದಿಂದ ಓದಬೇಕು. ಇಂಗ್ಲಿಷ್ ಪಠ್ಯದಲ್ಲಿ ಅಕ್ಷರಗಳ ಸಂಖ್ಯೆಯೂ ಬೈಟುಗಳ ಸಂಖ್ಯೆಯೂ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಅಲ್ಲಿ ಮುಚ್ಚಿಹೋಗುವ ತಪ್ಪುಗಳು ನಮ್ಮ ಲಿಪಿಯಲ್ಲಿ ಬಯಲಾಗುತ್ತವೆ. ಕನ್ನಡ ಎಂಬ ಪದವನ್ನೇ ನೋಡಿ. ಕಣ್ಣಿಗೆ ಕಾಣುವುದು 3 ಅಕ್ಷರ. ಯೂನಿಕೋಡಿನಲ್ಲಿ ಕ, ನ, ವಿರಾಮ ಚಿಹ್ನೆ, ನ, ಡ ಎಂದು 5 ಕೋಡ್ ಪಾಯಿಂಟುಗಳು. ಪೈಥಾನಿನ ಲೆನ್ ಫಂಕ್ಷನ್ ಹೇಳುವುದು ಈ ಸಂಖ್ಯೆಯನ್ನು. ಪಠ್ಯವನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಎಂಬ ಕ್ರಮದಲ್ಲಿ ಪ್ರತಿ ಕನ್ನಡ ಕೋಡ್ ಪಾಯಿಂಟಿಗೆ 3 ಬೈಟು ಬೇಕಾದ್ದರಿಂದ ಒಟ್ಟು 15 ಬೈಟ್, ಜಾವಾ ಮತ್ತು ವಿಂಡೋಸ್ ಬಳಸುವ ಯುಟಿಎಫ್-16ರಲ್ಲಿ 10 ಬೈಟ್. ಛಂದಸ್ಸಿನ ಲೆಕ್ಕದಲ್ಲಿ ಒತ್ತಕ್ಷರದ ಹಿಂದಿನ ಕ ಗುರುವಾಗಿ, ಉಳಿದೆರಡು ಲಘುವಾಗಿ 4 ಮಾತ್ರೆ. ಒಂದೇ ಪದಕ್ಕೆ ಐದು ಉದ್ದಗಳಿರುವಾಗ, ಗಡಿಯಲ್ಲಿ ಉದ್ದ ಎಂದು ಬರೆದರೆ ಯಾವುದೆಂದು ತಿಳಿಯುವುದಿಲ್ಲ. ಒಪ್ಪಂದದಲ್ಲಿ ಯುಟಿಎಫ್-8 ಬೈಟುಗಳ ಸಂಖ್ಯೆ ಎಂದು ಬಿಡಿಸಿ ಬರೆಯಬೇಕು.

ಬಿಡಿಸಿ ಬರೆಯದಿದ್ದರೆ ಆಗುವುದೇನು? ಪೈಥಾನಿನ ಕಡೆ ಯಾರೋ ಸ್ಟ್ರಿಂಗಿನ ಲೆನ್ ಅನ್ನೇ ಬೈಟುಗಳ ಸಂಖ್ಯೆ ಎಂದು ಕಳುಹಿಸಿದರು ಎಂದುಕೊಳ್ಳಿ. ಕನ್ನಡ ಎಂಬ ಪದಕ್ಕೆ 15ರ ಬದಲು 5 ಹೋಗುತ್ತದೆ. ರಸ್ಟಿಗೆ ಒಂದು ಪೂರ್ಣ ಅಕ್ಷರವೂ ಇನ್ನೊಂದರ ಮುರಿದ ಎರಡು ಬೈಟುಗಳೂ ಕಾಣುತ್ತವೆ, ಯುಟಿಎಫ್-8 ಪರೀಕ್ಷೆ ಸೋಲುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. ಆದರೆ ಮೈಸೂರು ಎಂಬ ಪದಕ್ಕೆ ಕೋಡ್ ಪಾಯಿಂಟುಗಳು 6. ಮೊದಲ 6 ಬೈಟುಗಳಲ್ಲಿ ಮ ಮತ್ತು ಐತ್ವ ಸರಿಯಾಗಿ ತುಂಬಿಕೊಳ್ಳುವುದರಿಂದ ಪರೀಕ್ಷೆ ಪಾಸಾಗಿ, 5 ಮಾತ್ರೆಗಳ ಬದಲು 2 ಎಂಬ ಉತ್ತರ ಯಾವ ಎಚ್ಚರಿಕೆಯೂ ಇಲ್ಲದೆ ಬರುತ್ತದೆ. ಮೂರರಿಂದ ಭಾಗವಾಗುವ ಉದ್ದದ ಪದಗಳಲ್ಲಿ ಮಾತ್ರ ಉತ್ತರ ತಪ್ಪಾಗುವ ದೋಷವನ್ನು ಹುಡುಕಲು ಕುಳಿತವರ ಪಾಡು ಬೇರೆ ಹೇಳಬೇಕಿಲ್ಲ.

ಸಿ ಭಾಷೆಯ ರೂಢಿಯಲ್ಲಿ ಸ್ಟ್ರಿಂಗಿನ ಕೊನೆಯನ್ನು ಸೊನ್ನೆ ಬೈಟ್ ಸೂಚಿಸುತ್ತದೆ. ರಸ್ಟಿನ ಸ್ಟ್ರಿಂಗಿಗೆ ಅಂಥ ಸೊನ್ನೆ ಇರುವುದಿಲ್ಲ, ಅದು ಉದ್ದವನ್ನು ಜೊತೆಯಲ್ಲಿ ಇಟ್ಟುಕೊಳ್ಳುತ್ತದೆ. ಒಳಬರುವ ಪಠ್ಯಕ್ಕೆ ಪಾಯಿಂಟರ್ ಮತ್ತು ಉದ್ದದ ಜೋಡಿಯನ್ನು ನಾನು ಆರಿಸಿದ್ದೇನೆ, ಏಕೆಂದರೆ ಪಠ್ಯದ ನಡುವೆ ಸೊನ್ನೆ ಬೈಟ್ ಇದ್ದರೂ ಅದು ತುಂಡಾಗುವುದಿಲ್ಲ. ಹೊರಹೋಗುವ ಪ್ರಸ್ತಾರದಲ್ಲಿ ಲಘು-ಗುರು ಚಿಹ್ನೆಗಳಷ್ಟೇ ಇರುವುದರಿಂದ ಅಲ್ಲಿ ಸೊನ್ನೆಯಿಂದ ಮುಗಿಯುವ ಸ್ಟ್ರಿಂಗ್ ಸಾಕು. ಇನ್ನೊಂದು ಸೂಕ್ಷ್ಮವೂ ಇದೆ: ಕೊ, ಮೈ ಮುಂತಾದ ಅಕ್ಷರಗಳ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಕೋಡ್ ಪಾಯಿಂಟಾಗಿಯೂ ಎರಡಾಗಿಯೂ ಬರೆಯಬಹುದು. ಇವನ್ನು ಒಂದೇ ರೂಪಕ್ಕೆ ತರುವ, ಎಂದರೆ ನಾರ್ಮಲೈಸ್ ಮಾಡುವ ಹೊಣೆ ಪೈಥಾನಿನದೋ ರಸ್ಟಿನದೋ ಎಂದು ಮೊದಲೇ ತೀರ್ಮಾನಿಸಿ. ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ಎನ್‌ಎಫ್‌ಸಿ ಎಂಬ ಒಗ್ಗೂಡಿಸಿದ ರೂಪಕ್ಕೆ ತರುವುದು ಒಂದೇ ಸಾಲಿನ ಕೆಲಸವಾದ್ದರಿಂದ ಅಲ್ಲಿಯೇ ಮಾಡುವುದು ಸುಲಭ. ಶಿಥಿಲದ್ವಿತ್ವ (ತೇಲಿಸಿ ಉಚ್ಚರಿಸುವ ಒತ್ತಕ್ಷರ) ಬಂದಾಗ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯಬೇಕೆಂಬ ನಿಯಮವನ್ನು ಯಂತ್ರಕ್ಕೆ ಕಲಿಸುವುದು ಬೇರೆಯದೇ ತಲೆನೋವು, ಅದು ಈ ಲೇಖನದ ವ್ಯಾಪ್ತಿಗೆ ಹೊರಗು.

ಮೆಮೊರಿಯ ಒಡೆತನ

ನಿಯಮ ಒಂದೇ: ಮೆಮೊರಿಯನ್ನು ಯಾರು ಪಡೆದರೋ ಅವರೇ ಅದನ್ನು ತೆರವು ಮಾಡಬೇಕು. ರಸ್ಟಿನ ಅಲೊಕೇಟರ್ ಕೊಟ್ಟ ಜಾಗವನ್ನು ಸಿ ಭಾಷೆಯ ಫ್ರೀ ಫಂಕ್ಷನ್ನಿಗೆ ಒಪ್ಪಿಸುವಂತಿಲ್ಲ. ಎರಡೂ ಒಂದೇ ರಾಶಿಯಿಂದ ಜಾಗ ತೆಗೆಯುತ್ತವೆ ಎಂಬ ಖಾತರಿಯಿಲ್ಲ. ವಿಂಡೋಸಿನಲ್ಲಿ ಬೇರೆ ಬೇರೆ ಸಿ ರನ್‌ಟೈಮುಗಳೊಂದಿಗೆ ಕಟ್ಟಿದ ಎರಡು ಡಿಎಲ್‌ಎಲ್‌ಗಳ ನಡುವೆಯೂ ಇದೇ ತೊಂದರೆ ಬರುತ್ತದೆ. ಛಂದೋ_ಬಿಡು ಎಂಬ ಮೂರನೆಯ ಫಂಕ್ಷನ್ ಇರುವುದು ಇದಕ್ಕಾಗಿ.

ರಸ್ಟಿನ ಕಡೆ ಪ್ರಸ್ತಾರದ ಸ್ಟ್ರಿಂಗನ್ನು ಸಿಸ್ಟ್ರಿಂಗ್ ಎಂಬ ವಿಧಕ್ಕೆ ತಂದು, ಇನ್‌ಟು-ರಾ ಎಂಬ ಮೆಥಡ್ ಕರೆದರೆ ಪಾಯಿಂಟರ್ ಸಿಗುತ್ತದೆ. ಆ ಕ್ಷಣದಿಂದ ರಸ್ಟ್ ಆ ಜಾಗದ ಹೊಣೆಯನ್ನು ಕೈಬಿಡುತ್ತದೆ. ಛಂದೋ_ಬಿಡು ಅದೇ ಪಾಯಿಂಟರನ್ನು ಫ್ರಮ್-ರಾ ಮೂಲಕ ಮತ್ತೆ ಸಿಸ್ಟ್ರಿಂಗಾಗಿ ಮಾಡಿಕೊಂಡು ಬಿಟ್ಟುಬಿಟ್ಟರೆ ಸಾಕು, ಮೆಮೊರಿ ತೆರವಾಗುತ್ತದೆ. ನಲ್ ಪಾಯಿಂಟರ್, ಎಂದರೆ ಎಲ್ಲಿಗೂ ತೋರದ ಖಾಲಿ ಪಾಯಿಂಟರ್, ಬಂದರೆ ಏನೂ ಮಾಡದೆ ಮರಳಬೇಕು. ಒಳಬರುವ ಪಠ್ಯದ ವಿಷಯದಲ್ಲಿ ಇದರ ಹಿಮ್ಮುಖ ನಿಯಮ ಅನ್ವಯಿಸುತ್ತದೆ: ಆ ಬೈಟುಗಳು ಪೈಥಾನಿನವು, ಕರೆ ನಡೆಯುವಷ್ಟು ಹೊತ್ತು ಮಾತ್ರ ರಸ್ಟಿಗೆ ಎರವಲು. ಅವನ್ನು ತಿದ್ದುವಂತಿಲ್ಲ, ಪಾಯಿಂಟರನ್ನು ಮುಂದಿನ ಕರೆಗೆಂದು ಇಟ್ಟುಕೊಳ್ಳುವಂತಿಲ್ಲ. ಮುಂದೆ ಬೇಕಿದ್ದರೆ ಪ್ರತಿ ಮಾಡಿಕೊಳ್ಳಬೇಕು.

ತಪ್ಪುಗಳನ್ನು ತಿಳಿಸುವುದು

ಪೈಥಾನಿನ ಎಕ್ಸೆಪ್ಶನ್ ರಸ್ಟಿಗೆ ಅರ್ಥವಾಗುವುದಿಲ್ಲ, ರಸ್ಟ್ ಮುಂದುವರಿಯಲಾಗದೆ ಕೈಚೆಲ್ಲುವ ಪ್ಯಾನಿಕ್ ಪೈಥಾನಿಗೆ ಅರ್ಥವಾಗುವುದಿಲ್ಲ. ಗಡಿಯಲ್ಲಿ ನಡೆಯುವ ನಾಣ್ಯ ಬರೀ ಸಂಖ್ಯೆ. ಮಾತ್ರೆಗಳ ಸಂಖ್ಯೆ ಎಂದೂ ಋಣಾತ್ಮಕವಾಗದ ಕಾರಣ, ನಲ್ ಪಾಯಿಂಟರ್ ಬಂದರೆ -1, ಯುಟಿಎಫ್-8 ಕೆಟ್ಟಿದ್ದರೆ -2, ಒಳಗೆ ಪ್ಯಾನಿಕ್ ಆದರೆ -3 ಎಂದು ನಿಗದಿಪಡಿಸಬಹುದು. ಪ್ರಸ್ತಾರದ ಫಂಕ್ಷನ್ ಯಾವುದೇ ತಪ್ಪಿಗೆ ನಲ್ ಮರಳಿಸಲಿ.

ಪ್ಯಾನಿಕ್ ಎಲ್ಲಿಂದ ಬರುತ್ತದೆ ಎಂದು ಉಪೇಕ್ಷಿಸಬಾರದು. ರಸ್ಟಿನಲ್ಲಿ ಸ್ಟ್ರಿಂಗನ್ನು ಒಂದು ಅಕ್ಷರದ ಬೈಟುಗಳ ನಡುವೆ ಕತ್ತರಿಸಿದರೂ ಪ್ಯಾನಿಕ್ ಆಗುತ್ತದೆ, ಮತ್ತು ಕನ್ನಡ ಪಠ್ಯದೊಂದಿಗೆ ಕೆಲಸ ಮಾಡುವಾಗ ಇದು ಸುಲಭವಾಗಿ ಆಗುವ ತಪ್ಪು. 1.81ನೆಯ ಆವೃತ್ತಿಯಿಂದ ಎಕ್ಸ್‌ಟರ್ನ್ ಸಿ ಫಂಕ್ಷನ್ನಿನ ಗಡಿಯನ್ನು ಮೀರಲು ಹೋದ ಪ್ಯಾನಿಕ್ ಇಡೀ ಪ್ರೊಸೆಸ್ಸನ್ನು ನಿಲ್ಲಿಸಿಬಿಡುತ್ತದೆ. ಆದ್ದರಿಂದ ಫಂಕ್ಷನ್ನಿನ ಒಡಲನ್ನು ಕ್ಯಾಚ್-ಅನ್‌ವೈಂಡ್ ಒಳಗೆ ಇಟ್ಟು, ಸಿಕ್ಕಿಬಿದ್ದ ಪ್ಯಾನಿಕ್ಕನ್ನು -3 ಆಗಿ ಬದಲಿಸಬೇಕು. ರಸ್ಟ್ ಕೋಡನ್ನು ಕಟ್ಟುವ ಉಪಕರಣವಾದ ಕಾರ್ಗೋದ ಸೆಟ್ಟಿಂಗಿನಲ್ಲಿ ಪ್ಯಾನಿಕ್ ಆದರೆ ಅಬಾರ್ಟ್ ಎಂದು ಬರೆದಿದ್ದರೆ ಈ ಬಲೆ ಕೆಲಸ ಮಾಡುವುದಿಲ್ಲ ಎಂಬುದನ್ನೂ ಗಮನಿಸಿ. ಸಿ++ ಲೈಬ್ರರಿಯಾದರೆ ಎಕ್ಸೆಪ್ಶನ್ನುಗಳನ್ನು ಹೀಗೆಯೇ ಗಡಿಯ ಒಳಗೇ ಹಿಡಿಯಬೇಕು.

ಕಟ್ಟುವುದು ಮತ್ತು ನೋಡುವುದು

ಕಾರ್ಗೋ ಫೈಲಿನ ಲಿಬ್ ವಿಭಾಗದಲ್ಲಿ ಕ್ರೇಟ್-ಟೈಪ್ ಅನ್ನು ಸಿಡೈಲಿಬ್ ಎಂದು ಬರೆದು, ಕಾರ್ಗೋ ಬಿಲ್ಡ್ ಆಜ್ಞೆಯನ್ನು ರಿಲೀಸ್ ಆಯ್ಕೆಯೊಂದಿಗೆ ಕೊಟ್ಟರೆ ಟಾರ್ಗೆಟ್ ಫೋಲ್ಡರಿನೊಳಗಿನ ರಿಲೀಸ್ ಫೋಲ್ಡರಿನಲ್ಲಿ ಲೈಬ್ರರಿ ಸಿದ್ಧವಾಗುತ್ತದೆ. ಅದರ ಹೆಸರಿನ ಕೊನೆಯಲ್ಲಿ ಲಿನಕ್ಸಿನಲ್ಲಿ ಎಸ್‌ಒ, ಮ್ಯಾಕಿನಲ್ಲಿ ಡೈಲಿಬ್, ವಿಂಡೋಸಿನಲ್ಲಿ ಡಿಎಲ್‌ಎಲ್ ಎಂದಿರುತ್ತದೆ. ಮೊದಲೆರಡರಲ್ಲಿ ಹೆಸರಿನ ಮುಂದೆ ಲಿಬ್ ಸೇರುತ್ತದೆ, ವಿಂಡೋಸಿನಲ್ಲಿ ಸೇರುವುದಿಲ್ಲ.

ಪೈಥಾನಿನ ಕಡೆಗೆ ಹೋಗುವ ಮೊದಲು ಲೈಬ್ರರಿಯೊಳಗೆ ನಮ್ಮ ಹೆಸರುಗಳು ನಿಜಕ್ಕೂ ಇವೆಯೇ ಎಂದು ನೋಡಿಕೊಳ್ಳಿ. ಲಿನಕ್ಸಿನಲ್ಲಿ ಎನ್‌ಎಮ್ ಆಜ್ಞೆಗೆ ದೊಡ್ಡಕ್ಷರದ ಡಿ ಆಯ್ಕೆಯನ್ನು ಕೊಟ್ಟರೆ ಹೊರಗೆ ಕಾಣುವ ಹೆಸರುಗಳ ಪಟ್ಟಿ ಬರುತ್ತದೆ, ನಮ್ಮ ಮೂರು ಹೆಸರುಗಳ ಎದುರು ದೊಡ್ಡಕ್ಷರದ ಟಿ ಇರಬೇಕು. ವಿಂಡೋಸಿನಲ್ಲಿ ಇದೇ ಕೆಲಸಕ್ಕೆ ಡಂಪ್‌ಬಿನ್ ಇದೆ. ಹೆಸರು ಕಾಣದಿದ್ದರೆ ನೋ-ಮ್ಯಾಂಗಲ್ ಮರೆತಿರುತ್ತೀರಿ. ಅರ್ಧ ನಿಮಿಷದ ಈ ಪರೀಕ್ಷೆಯನ್ನು ಬಿಟ್ಟು, ದೋಷ ಪೈಥಾನಿನಲ್ಲಿದೆ ಎಂದು ಹುಡುಕಾಡುವವರೇ ಹೆಚ್ಚು.

ಪೈಥಾನಿನ ಕಡೆ

ಸಿಟೈಪ್ಸ್ ಎಂಬ ಮಾಡ್ಯೂಲು ಪೈಥಾನ್ 2.5ರಿಂದ ಭಾಷೆಯೊಂದಿಗೇ ಬರುತ್ತಿದೆ, ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅದರ ಸಿಡಿಎಲ್‌ಎಲ್ ಕ್ಲಾಸಿಗೆ ಲೈಬ್ರರಿಯ ಪೂರ್ಣ ಪಾತ್ ಕೊಟ್ಟರೆ ಅದು ಲೋಡ್ ಆಗುತ್ತದೆ. ಅನಂತರ, ಯಾವ ಫಂಕ್ಷನ್ನನ್ನೂ ಕರೆಯುವ ಮೊದಲು, ಪ್ರತಿಯೊಂದಕ್ಕೂ ಆರ್ಗ್‌ಟೈಪ್ಸ್ ಮತ್ತು ರೆಸ್‌ಟೈಪ್ ಎಂಬ ಎರಡು ಘೋಷಣೆಗಳನ್ನು ಬರೆಯಬೇಕು. ಹಾಳೆಯ ಮೇಲೆ ಬರೆದ ಒಪ್ಪಂದ ಇಲ್ಲಿ ಕೋಡಾಗುತ್ತದೆ. ಪಠ್ಯಕ್ಕೆ ಸಿ-ಚಾರ್-ಪಿ, ಉದ್ದಕ್ಕೆ ಸಿ-ಸೈಜ್-ಟಿ, ಮಾತ್ರೆಗಳಿಗೆ ಸಿ-ಇಂಟ್64.

ರೆಸ್‌ಟೈಪ್ ಬರೆಯದಿದ್ದರೆ ಸಿಟೈಪ್ಸ್ ಫಲಿತಾಂಶವನ್ನು ಸಾಮಾನ್ಯ ಇಂಟ್ ಎಂದು ಭಾವಿಸುತ್ತದೆ. 8 ಬೈಟಿನ ಪಾಯಿಂಟರಿನಲ್ಲಿ 4 ಬೈಟು ಕಳಚಿಹೋಗಿ, ಉಳಿದರ್ಧ ಯಾವುದೋ ಊರಿನ ವಿಳಾಸವಾಗುತ್ತದೆ. ಇನ್ನೊಂದು ಬಲೆ ಇದಕ್ಕಿಂತ ನಯವಾದದ್ದು: ಪ್ರಸ್ತಾರದ ಫಂಕ್ಷನ್ನಿನ ರೆಸ್‌ಟೈಪನ್ನು ಸಿ-ಚಾರ್-ಪಿ ಎಂದು ಬರೆಯುವುದು ಎಲ್ಲರಿಗೂ ಸಹಜವೆನಿಸುತ್ತದೆ, ಉತ್ತರವೂ ಸರಿಯಾಗಿಯೇ ಬರುತ್ತದೆ. ಆದರೆ ಸಿಟೈಪ್ಸ್ ಆ ಸ್ಟ್ರಿಂಗನ್ನು ತಾನಾಗಿಯೇ ಪೈಥಾನಿನ ಬೈಟ್ಸ್ ಆಬ್ಜೆಕ್ಟಿಗೆ ಪ್ರತಿ ಮಾಡಿ ಮೂಲ ಪಾಯಿಂಟರನ್ನು ಎಸೆದುಬಿಡುತ್ತದೆ. ಛಂದೋ_ಬಿಡುಗೆ ಕೊಡಲು ಏನೂ ಉಳಿಯುವುದಿಲ್ಲ. ಆ ಬೈಟ್ಸ್ ಆಬ್ಜೆಕ್ಟನ್ನೇ ಅದಕ್ಕೆ ಕೊಟ್ಟರೆ ಪೈಥಾನಿನ ಮೆಮೊರಿಯನ್ನು ರಸ್ಟ್ ತೆರವು ಮಾಡಲು ಹೋಗಿ ಅಪ್ಲಿಕೇಶನ್ ಕುಸಿಯುತ್ತದೆ. ನಾನು ಈ ಹೊಂಡಕ್ಕೆ ಒಮ್ಮೆ ಬಿದ್ದು, ದೋಷ ರಸ್ಟಿನ ಕೋಡಿನಲ್ಲಿದೆ ಎಂದು ಒಂದು ಇಡೀ ಸಂಜೆ ಅಲ್ಲಿಯೇ ಅಗೆದದ್ದಿದೆ. ಸರಿಯಾದ ಕ್ರಮವೆಂದರೆ ರೆಸ್‌ಟೈಪನ್ನು ಸಿ-ವಾಯ್ಡ್-ಪಿ ಎಂದು ಬರೆದು, ಬಂದದ್ದು ನನ್ (ನಲ್ ಪಾಯಿಂಟರಿಗೆ ಪೈಥಾನ್ ಕೊಡುವ ರೂಪ) ಅಲ್ಲವೆಂದು ನೋಡಿ, ಸ್ಟ್ರಿಂಗ್-ಆಟ್ ಮೂಲಕ ಬೈಟುಗಳನ್ನು ಪ್ರತಿ ಮಾಡಿಕೊಂಡು, ಫೈನಲಿ ಭಾಗದಲ್ಲಿ ಛಂದೋ_ಬಿಡು ಕರೆಯುವುದು.

ಈ ಎಲ್ಲವನ್ನೂ ಒಂದು ಪೈಥಾನ್ ಫೈಲಿನೊಳಗೆ ಮುಚ್ಚಿಡಬೇಕು. ಪಠ್ಯವನ್ನು ಯುಟಿಎಫ್-8ಕ್ಕೆ ಎನ್‌ಕೋಡ್ ಮಾಡುವುದು, ಬೈಟುಗಳನ್ನು ಎಣಿಸುವುದು, ಋಣಾತ್ಮಕ ಸಂಖ್ಯೆ ಬಂದರೆ ವ್ಯಾಲ್ಯೂಎರರ್ ಎಬ್ಬಿಸುವುದು ಎಲ್ಲ ಅಲ್ಲಿಯೇ ಆಗಲಿ. ಅಪ್ಲಿಕೇಶನ್ನಿನ ಉಳಿದ ಭಾಗಕ್ಕೆ ಮಾತ್ರೆ ಎಂಬ ಸಾಮಾನ್ಯ ಪೈಥಾನ್ ಫಂಕ್ಷನ್ ಕಾಣಬೇಕೇ ಹೊರತು, ಅದರ ಹಿಂದೆ ರಸ್ಟ್ ಇದೆ ಎಂಬುದು ತಿಳಿಯಬೇಕಾಗಿಲ್ಲ. ಗಡಿ ದಾಟುವ ಪ್ರತಿ ಕರೆಗೂ ಒಂದಿಷ್ಟು ಖರ್ಚಿದೆ ಎಂಬುದನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದೊಂದು ಅಕ್ಷರಕ್ಕೂ ರಸ್ಟನ್ನು ಕರೆದರೆ ಉಳಿತಾಯವೆಲ್ಲ ದಾರಿಯಲ್ಲೇ ಸೋರಿಹೋಗುತ್ತದೆ. ಇಡೀ ಪದ್ಯವನ್ನು, ಸಾಧ್ಯವಾದರೆ ಇಡೀ ಅಧ್ಯಾಯವನ್ನು, ಒಂದೇ ಕರೆಯಲ್ಲಿ ಕಳುಹಿಸಿ.

ಥ್ರೆಡ್ಡುಗಳ ಬಗ್ಗೆ ಎರಡು ಸಂಗತಿಗಳಿವೆ. ಸಿಡಿಎಲ್‌ಎಲ್ ಮೂಲಕ ಮಾಡಿದ ಕರೆ ನಡೆಯುತ್ತಿರುವಾಗ ಪೈಥಾನ್ ತನ್ನ ಜಾಗತಿಕ ಬೀಗವಾದ ಜಿಐಎಲ್ ಅನ್ನು ಬಿಟ್ಟುಕೊಡುವುದರಿಂದ, ರಸ್ಟಿನ ಫಂಕ್ಷನ್ ಏಕಕಾಲಕ್ಕೆ ಹಲವು ಥ್ರೆಡ್ಡುಗಳಿಂದ ಓಡಬಹುದು. ವೇಗಕ್ಕೆ ಇದು ಅನುಕೂಲ, ಆದರೆ ಲೈಬ್ರರಿಯಲ್ಲಿ ಬೀಗವಿಲ್ಲದ ಹಂಚಿಕೆಯ ಸ್ಥಿತಿ ಇರಬಾರದು. ಎರಡನೆಯದು, ಕೆಲಸ ಎಷ್ಟಾಯಿತೆಂದು ತಿಳಿಸಲು ಪೈಥಾನಿನ ಫಂಕ್ಷನ್ನೊಂದನ್ನು ರಸ್ಟಿಗೆ ಕಾಲ್‌ಬ್ಯಾಕ್ ಆಗಿ, ಎಂದರೆ ನಡುವೆ ಮರಳಿ ಕರೆಯಲೆಂದು, ಕೊಡುವುದಾದರೆ, ಸಿಫಂಕ್‌ಟೈಪ್ ಸೃಷ್ಟಿಸಿದ ಆಬ್ಜೆಕ್ಟನ್ನು ಒಂದು ವೇರಿಯಬಲ್ಲಿನಲ್ಲಿ ಹಿಡಿದಿಟ್ಟಿರಬೇಕು. ಇಲ್ಲವಾದರೆ ಕಸ ಗುಡಿಸುವ ಪೈಥಾನ್ ಅದನ್ನು ಗುಡಿಸಿಹಾಕಿದ ಮೇಲೆ ರಸ್ಟ್ ಖಾಲಿ ಜಾಗಕ್ಕೆ ಕರೆ ಮಾಡುತ್ತದೆ.

ಬೇರೆ ಜೋಡಿಗಳು, ಬೇರೆ ಉಪಕರಣಗಳು

ಲೈಬ್ರರಿಯನ್ನು ಬಳಸುವವರು ಪೈಥಾನಿನವರು ಮಾತ್ರ ಎಂದು ಖಚಿತವಾಗಿದ್ದರೆ ಸಿಟೈಪ್ಸ್ ಬದಲು ಪೈಓ3 ಎಂಬ ರಸ್ಟ್ ಲೈಬ್ರರಿ ಹೆಚ್ಚು ಹಿತವಾಗಿರುತ್ತದೆ. ಸ್ಟ್ರಿಂಗುಗಳ ಬದಲಾವಣೆ, ಎಕ್ಸೆಪ್ಶನ್ನುಗಳು, ಮೆಮೊರಿಯ ಲೆಕ್ಕ ಎಲ್ಲವನ್ನೂ ಅದು ವಹಿಸಿಕೊಳ್ಳುತ್ತದೆ. ಸಿ++ ಮತ್ತು ಪೈಥಾನಿನ ನಡುವೆ ಪೈಬೈಂಡ್11 ಇದೇ ಪಾತ್ರ ವಹಿಸುತ್ತದೆ. ಹಾಗಿದ್ದರೂ ಸಿ ಗಡಿಯ ದಾರಿಯನ್ನು ಮೊದಲು ಕಲಿಯಬೇಕೆಂದು ನಾನು ಹೇಳುವುದು, ಇವೆಲ್ಲವೂ ಒಳಗೊಳಗೆ ಮಾಡುವುದು ಅದನ್ನೇ ಆದ್ದರಿಂದ. ಜೊತೆಗೆ ಸಿ ಗಡಿಯುಳ್ಳ ಲೈಬ್ರರಿಯನ್ನು ನಾಳೆ ಜಾವಾದಿಂದಲೂ ಬದಲಾವಣೆಯಿಲ್ಲದೆ ಕರೆಯಬಹುದು. ಜಾವಾದೊಂದಿಗೇ ಬರುವ ದಾರಿ ಬಹುಕಾಲ ಜೆಎನ್‌ಐ ಒಂದೇ ಆಗಿತ್ತು, ಅದಕ್ಕಾಗಿ ನಡುವೆ ಸಿ ಕೋಡಿನ ಒಂದು ಪದರವನ್ನು ಬರೆಯಬೇಕಿತ್ತು. 2024ರ ಮಾರ್ಚಿನಲ್ಲಿ ಬಂದ ಜಾವಾ 22ರಲ್ಲಿ ಹೊರಗಿನ ಫಂಕ್ಷನ್ನು ಮತ್ತು ಮೆಮೊರಿಯ ಎಪಿಐ ಅಂತಿಮಗೊಂಡ ಮೇಲೆ ಆ ಪದರವಿಲ್ಲದೆಯೇ ಕರೆಯಬಹುದಾಗಿದೆ. ಗೋ ಭಾಷೆಯ ಸಿಗೋದಲ್ಲಿ ಪಾಯಿಂಟರುಗಳ ನಿಯಮ ಕಟ್ಟುನಿಟ್ಟು: ಗೋ ಕಡೆಯಿಂದ ಬಂದ ಪಾಯಿಂಟರನ್ನು, ಪಿನ್ ಮಾಡದಿದ್ದರೆ, ಕರೆ ಮುಗಿದ ಮೇಲೆ ಸಿ ಇಟ್ಟುಕೊಳ್ಳುವಂತಿಲ್ಲ. ಫೋರ್ಟ್ರಾನಿನಲ್ಲಿ 2003ರ ಮಾನಕದಿಂದ ಸಿ ಜೊತೆಗಿನ ಜೋಡಣೆ ಭಾಷೆಯ ಭಾಗವೇ ಆಗಿದೆ, ಆದರೆ ಅಲ್ಲಿ ಎರಡು ಆಯಾಮದ ಅರೇಗಳು ಕಾಲಮ್ಮಿನ ಕ್ರಮದಲ್ಲಿ ಮೆಮೊರಿಯಲ್ಲಿ ಕೂರುತ್ತವೆ, ಸಿ ಭಾಷೆಯಲ್ಲಿ ಸಾಲಿನ ಕ್ರಮದಲ್ಲಿ. ಮರೆತರೆ ಮೇಟ್ರಿಕ್ಸ್ ಅಡ್ಡಡ್ಡ ತಿರುಗಿರುತ್ತದೆ.

ಪರೀಕ್ಷೆ ಮತ್ತು ಹಂಚಿಕೆ

ಸರಿಯಾದ ಪಠ್ಯಕ್ಕೆ ಸರಿಯಾದ ಉತ್ತರ ಬರುತ್ತದೆಯೇ ಎಂದು ನೋಡಲು ಕಂದಪದ್ಯಗಳು ಒಳ್ಳೆಯ ಸಾಮಗ್ರಿ: ಮೊದಲ ಮತ್ತು ಮೂರನೆಯ ಸಾಲುಗಳಲ್ಲಿ 12, ಎರಡನೆಯ ಮತ್ತು ನಾಲ್ಕನೆಯ ಸಾಲುಗಳಲ್ಲಿ 20 ಮಾತ್ರೆಗಳು ಬರಬೇಕು. ಗಡಿಯನ್ನು ಪರೀಕ್ಷಿಸಲು ಮಾತ್ರ ಕೆಟ್ಟ ಪಠ್ಯವೇ ಬೇಕು. ಖಾಲಿ ಸ್ಟ್ರಿಂಗ್, ನಲ್ ಪಾಯಿಂಟರ್, ಕೊನೆಯ ಬೈಟನ್ನು ಕತ್ತರಿಸಿದ ಕನ್ನಡ ಪದ, ನಡುವೆ ಸೊನ್ನೆ ಬೈಟಿರುವ ಸಾಲು, ಹಾಗೂ ಮೇಲೆ ಹೇಳಿದ ಮೈಸೂರು, ಇವನ್ನೆಲ್ಲ ಕೊಟ್ಟು ನೋಡಿ. ಪ್ರಸ್ತಾರದ ಫಂಕ್ಷನ್ನನ್ನು ಲಕ್ಷಾಂತರ ಬಾರಿ ಲೂಪಿನಲ್ಲಿ ಕರೆದು ಪ್ರೊಸೆಸ್ಸಿನ ಮೆಮೊರಿ ಬೆಳೆಯುತ್ತಿದೆಯೇ ಎಂದು ಗಮನಿಸಿದರೆ ಬಿಡಲು ಮರೆತ ಪಾಯಿಂಟರುಗಳು ತಾವಾಗಿಯೇ ಹೊರಬೀಳುತ್ತವೆ. ಕ್ರ್ಯಾಶ್ ಆದಾಗ ಪೈಥಾನಿನ ಯಾವ ಸಾಲಿನಿಂದ ಕರೆ ಹೋಗಿತ್ತೆಂದು ತಿಳಿಯಲು ಫಾಲ್ಟ್‌ಹ್ಯಾಂಡ್ಲರ್ ಮಾಡ್ಯೂಲನ್ನು ಆರಂಭದಲ್ಲೇ ಚಾಲೂ ಮಾಡಿಡಬೇಕು.

ಇನ್ನೊಬ್ಬರ ಯಂತ್ರಕ್ಕೆ ಕೊಡುವಾಗ ಲೈಬ್ರರಿಯನ್ನು ಪೈಥಾನ್ ಪ್ಯಾಕೇಜಿನ ಫೋಲ್ಡರಿನೊಳಗೇ ಇಟ್ಟು, ಆ ಫೈಲಿನ ಸ್ಥಳದಿಂದ ಪಾತ್ ಲೆಕ್ಕಹಾಕುವುದು ಕ್ಷೇಮ. ಲೋಡರಿನ ಹುಡುಕುವ ಹಾದಿಗಳನ್ನು ಬಳಕೆದಾರರ ಎನ್‌ವಿರಾನ್‌ಮೆಂಟಿನಲ್ಲಿ ಬದಲಿಸಲು ಹೇಳಿದರೆ ಅದು ಇಂದಲ್ಲ ನಾಳೆ ಜಗಳಕ್ಕೆ ಬರುತ್ತದೆ. ಹೊಸ ಲಿನಕ್ಸಿನಲ್ಲಿ ಕಟ್ಟಿದ್ದು ಹಳೆಯದರಲ್ಲಿ ಲಿನಕ್ಸಿನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಆವೃತ್ತಿ ಸಿಗಲಿಲ್ಲವೆಂದು ನಿರಾಕರಿಸುವುದು ಸಾಮಾನ್ಯ; ಬೆಂಬಲಿಸಬೇಕಾದ ಅತಿ ಹಳೆಯ ವ್ಯವಸ್ಥೆಯಲ್ಲಿಯೇ ಕಟ್ಟಬೇಕು, ಮೆನಿಲಿನಕ್ಸ್ ಕಂಟೇನರುಗಳು ಇರುವುದು ಇದಕ್ಕೇ. ವಿಂಡೋಸಿನಲ್ಲಿ ನಮ್ಮ ಡಿಎಲ್‌ಎಲ್ ಇನ್ನೊಂದನ್ನು ಅವಲಂಬಿಸಿದ್ದರೆ, ಪೈಥಾನ್ 3.8ರಿಂದೀಚೆಗೆ ಅದನ್ನು ಪಾತ್ ವೇರಿಯಬಲ್ಲಿನಲ್ಲಿ ಹುಡುಕುವುದಿಲ್ಲ. ಆ ಫೋಲ್ಡರನ್ನು ಓಎಸ್ ಮಾಡ್ಯೂಲಿನ ಆ್ಯಡ್-ಡಿಎಲ್‌ಎಲ್-ಡೈರೆಕ್ಟರಿ ಫಂಕ್ಷನ್ನಿಗೆ ತಿಳಿಸಬೇಕು.

ಕೊನೆಯದಾಗಿ ನಾಲ್ಕನೆಯ ಫಂಕ್ಷನ್ ಒಂದನ್ನು ಸೇರಿಸಿಕೊಳ್ಳಿ: ಯಾವ ಆರ್ಗ್ಯುಮೆಂಟೂ ಇಲ್ಲದೆ ಗಡಿಯ ಆವೃತ್ತಿ ಸಂಖ್ಯೆಯನ್ನು ಮರಳಿಸುವ ಛಂದೋ_ಆವೃತ್ತಿ. ಪೈಥಾನ್ ಫೈಲು ಲೋಡ್ ಆದ ಕೂಡಲೇ ಅದನ್ನು ಕರೆದು, ತಾನು ನಿರೀಕ್ಷಿಸಿದ ಸಂಖ್ಯೆ ಬಾರದಿದ್ದರೆ ಇಂಪೋರ್ಟ್‌ಎರರ್ ಎಬ್ಬಿಸಲಿ. ಮುಂದೊಂದು ದಿನ ಛಂದೋ_ಮಾತ್ರೆಗೆ ಮೂರನೆಯ ಆರ್ಗ್ಯುಮೆಂಟ್ ಬೇಕಾದರೆ ಹಳೆಯ ಫಂಕ್ಷನ್ನನ್ನು ಮುಟ್ಟದೆ ಛಂದೋ_ಮಾತ್ರೆ2 ಎಂಬ ಹೊಸದನ್ನು ಬರೆಯಿರಿ. ಹಳೆಯ ಪೈಥಾನ್ ಫೈಲು ಹೊಸ ಲೈಬ್ರರಿಯ ಜೊತೆ ಸೇರಿದರೂ ಎರಡೇ ಆರ್ಗ್ಯುಮೆಂಟುಗಳ ಕರೆ ಸರಿಯಾದ ಬಾಗಿಲಿಗೇ ಹೋಗುತ್ತದೆ.